ಮಾತ್ರೆಗಳ ನಡುವಿನ ನಾಲ್ಕು ಗಂಟೆ

ಥೈರಾಯ್ಡ್ ಮಾತ್ರೆ ಕಿರುಬೆರಳ ತುದಿಯಲ್ಲಿ ಕೂರುವಷ್ಟು ಪುಟ್ಟದು. ಅದರೊಳಗಿನ ಔಷಧವಾದ ಥೈರಾಕ್ಸಿನ್ ಇನ್ನೂ ಅಲ್ಪ. 100 ಮೈಕ್ರೋಗ್ರಾಂ ಎಂದರೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲು. ಮಿಕ್ಕಿದ್ದೆಲ್ಲ ಮಾತ್ರೆಗೆ ಆಕಾರ ಕೊಡಲು ಸೇರಿಸಿದ ಪುಡಿ. ಪಕ್ಕದಲ್ಲೇ ಇರುವ ಕ್ಯಾಲ್ಸಿಯಂ ಮಾತ್ರೆಯಾದರೋ ಎಷ್ಟು ದಪ್ಪವೆಂದರೆ, ವಯಸ್ಸಾದವರು ಅದನ್ನು ನಡುವೆ ಮುರಿದು ಎರಡು ಸಲ ನುಂಗುತ್ತಾರೆ. ಅದರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಲೆಕ್ಕ ಹಾಕಿದರೆ, ಥೈರಾಯ್ಡ್ ಔಷಧದ ತೂಕಕ್ಕೆ 5000 ಪಟ್ಟು. ಬೆಳಿಗ್ಗೆ ಎದ್ದು ಎಲ್ಲ ಮಾತ್ರೆಗಳನ್ನೂ ಅಂಗೈಗೆ ಸುರಿದುಕೊಂಡು, ಒಂದು ಲೋಟ ನೀರಿನ ಜೊತೆ ಒಂದೇ ಸಲಕ್ಕೆ ಮುಗಿಸುವುದು ಬಹಳ ಮನೆಗಳ ರೂಢಿ. ಯಾವುದೂ ಮರೆತುಹೋಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡುತ್ತಾರೆ.

ಆದರೆ ಹೊಟ್ಟೆಯೊಳಗೆ ಆ ಚೂರು ಥೈರಾಕ್ಸಿನ್, ಜಂಬೂ ಸವಾರಿಯ ಜನಜಂಗುಳಿಯಲ್ಲಿ ಸಿಕ್ಕಿಕೊಂಡ ಮಗುವಿನಂತಾಗುತ್ತದೆ. ಅದರ ಒಂದು ಭಾಗ ಕ್ಯಾಲ್ಸಿಯಮ್ಮಿಗೆ ಅಂಟಿಕೊಂಡು, ಕರುಳಿನ ಗೋಡೆಯನ್ನು ದಾಟಲಾಗದೆ, ಮಲದೊಂದಿಗೆ ಹೊರಟುಹೋಗುತ್ತದೆ. ನುಂಗಿದವರಿಗೆ ಇದರ ಸುಳಿವೇ ಇರುವುದಿಲ್ಲ. ಹೊಟ್ಟೆನೋವಿಲ್ಲ, ವಾಂತಿಯಿಲ್ಲ, ಮೈಮೇಲೆ ದದ್ದಿಲ್ಲ. ಎರಡು ಮೂರು ತಿಂಗಳಲ್ಲಿ ಮತ್ತೆ ಸುಸ್ತು, ಮಲಬದ್ಧತೆ, ಉದುರುವ ಕೂದಲು.

ರಕ್ತ ಪರೀಕ್ಷೆ ಮಾಡಿಸಿದರೆ, ದೇಹಕ್ಕೆ ಥೈರಾಕ್ಸಿನ್ ಸಾಲದಾದಾಗ ಹೆಚ್ಚುವ ಟಿ.ಎಸ್.ಎಚ್. ಏರಿರುತ್ತದೆ. "ಮಾತ್ರೆ ಸರಿಯಾಗಿ ತಗೋತಾ ಇದ್ದೀರಾ ಅಮ್ಮಾ?" ಎಂದು ಡಾಕ್ಟರು ಕೇಳುತ್ತಾರೆ. "ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ" ಎಂಬ ಉತ್ತರ ಬರುತ್ತದೆ. ಅದು ನಿಜ. "ಬೇರೆ ಏನಾದ್ರೂ ಔಷಧಿ?" "ಬಿ.ಪಿ.ಗೆ ಒಂದು ಮಾತ್ರೆ, ಅಷ್ಟೇ." ಇದೂ ಅವರ ಮಟ್ಟಿಗೆ ನಿಜವೇ. ಕ್ಯಾಲ್ಸಿಯಂ ಅವರ ಲೆಕ್ಕದಲ್ಲಿ ಔಷಧಿಯಲ್ಲ, ಮಂಡಿನೋವಿಗೆ, ಶಕ್ತಿಗೆ ಅಂತ ತೆಗೆದುಕೊಳ್ಳುವುದು. ಡಾಕ್ಟರು ಥೈರಾಯ್ಡ್ ಮಾತ್ರೆಯನ್ನು 75ರಿಂದ 100ಕ್ಕೆ ಏರಿಸುತ್ತಾರೆ. ಯಾರೂ ತಪ್ಪು ಮಾಡಿಲ್ಲ, ಯಾರೂ ಸುಳ್ಳು ಹೇಳಿಲ್ಲ. ಹಾಗಿದ್ದೂ ಒಬ್ಬರ ಔಷಧದ ಪ್ರಮಾಣ ತಪ್ಪು ಕಾರಣಕ್ಕೆ ಬದಲಾಯಿತು. ಔಷಧಿ ಚೀಟಿಯಲ್ಲಿ ಬರೆಯದೆ ಬಿಟ್ಟುಹೋದ ಕ್ಯಾಲ್ಸಿಯಮ್ಮಿನ ಒಂದು ಸಾಲು ಎಷ್ಟು ಮುಖ್ಯ ಎಂಬುದು ಮನೆಯವರಿಗೆ ತಿಳಿದಿದ್ದರೆ ಇದು ಆಗುತ್ತಿರಲಿಲ್ಲ.

ಇದು ಊಹೆಯ ಮಾತಲ್ಲ. 1992ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಥೈರಾಕ್ಸಿನ್ ಸೇವಿಸುತ್ತಿದ್ದ 14 ಮಂದಿಗೆ ಅದರ ಜೊತೆಯಲ್ಲೇ ಕಬ್ಬಿಣಾಂಶದ ಮಾತ್ರೆಯನ್ನೂ 12 ವಾರ ಕೊಟ್ಟರು. ಅವರ ಸರಾಸರಿ ಟಿ.ಎಸ್.ಎಚ್. 1.6 ಇದ್ದದ್ದು 5.4ಕ್ಕೆ ಏರಿತು. ಅದೇ ತಂಡ ಥೈರಾಕ್ಸಿನ್ನಿಗೆ ಪ್ರಯೋಗಶಾಲೆಯಲ್ಲಿ ಕಬ್ಬಿಣವನ್ನು ಬೆರೆಸಿಯೂ ನೋಡಿತು. ಸುಲಭಕ್ಕೆ ಕರಗದ, ನೇರಳೆ ಬಣ್ಣದ ಒಂದು ವಸ್ತು ಅಲ್ಲಿ ಹುಟ್ಟಿಕೊಂಡಿತು. ಹೊಟ್ಟೆಯೊಳಗೆ ಕಣ್ಣಿಗೆ ಕಾಣದೆ ಆಗುತ್ತಿರುವುದು ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. 2000ದಲ್ಲಿ ಇನ್ನೊಂದು ತಂಡ 20 ಮಂದಿಗೆ ಥೈರಾಕ್ಸಿನ್ ಜೊತೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ಮೂರು ತಿಂಗಳು ಗಮನಿಸಿತು. ಟಿ.ಎಸ್.ಎಚ್. ಏರಿತು, ಕ್ಯಾಲ್ಸಿಯಂ ನಿಲ್ಲಿಸಿದ ಮೇಲೆ ಮತ್ತೆ ಇಳಿಯಿತು.

ಹಾಗಾಗಿ ಇಂದು ವೈದ್ಯರು ಹೇಳುವ ಅಂತರ ನಾಲ್ಕು ಗಂಟೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಕ್ಯಾಲ್ಸಿಯಂ, ಕಬ್ಬಿಣ, ಆಮ್ಲ ತಗ್ಗಿಸುವ ಸಿರಪ್ಪು ಇವೆಲ್ಲ ನಾಲ್ಕು ಗಂಟೆ ಕಳೆದ ಮೇಲೆ. ಕನ್ನಡದ ಮನೆಗಳಲ್ಲಿ ಇನ್ನೆರಡು ವಿಷಯಗಳನ್ನು ಸೇರಿಸಿ ಹೇಳಬೇಕು. ಮಾತ್ರೆಯ ಬೆನ್ನಿಗೇ ಬರುವ ಫಿಲ್ಟರ್ ಕಾಫಿಯೂ ಈ ಔಷಧವನ್ನು ತಡೆಯುತ್ತದೆ. ಹಾಗೆಯೇ ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ರಾಗಿ ಗಂಜಿ, ಹಾಲು ಹಾಕಿದ ರಾಗಿ ಮಾಲ್ಟ್ ಎರಡೂ ಒಳ್ಳೆಯ ಆಹಾರ, ಬಿಡಬೇಕಾದ್ದೇ ಇಲ್ಲ. ಕಾಫಿಗೂ ಮಾಲ್ಟಿಗೂ ಒಂದು ಗಂಟೆ ಕಾದರೆ ಆಯಿತು.

ಔಷಧಿಯ ಲೆಕ್ಕಕ್ಕೆ ಬಾರದ ಇಂಥ ಖನಿಜಗಳು ಮನೆಯಲ್ಲಿ ಬೇಕಾದಷ್ಟು ಇರುತ್ತವೆ. ಅಮೆರಿಕದಲ್ಲಿರುವ ಮಗ ರಜೆಗೆ ಬಂದಾಗ ತಂದುಕೊಟ್ಟ ಕ್ಯಾಲ್ಸಿಯಂ, ಮೆಗ್ನೀಷಿಯಂ, ಜಿಂಕ್ ಮೂರೂ ಸೇರಿದ ದೊಡ್ಡ ಬಾಟಲಿ ಫ್ರಿಜ್ಜಿನ ಮೇಲೆ ಇರುತ್ತದೆ. ಕೋವಿಡ್ ಕಾಲದಲ್ಲಿ ಶುರುಮಾಡಿ ಇನ್ನೂ ಬಿಡದ ಜಿಂಕ್ ಮಾತ್ರೆ ಇರುತ್ತದೆ. ಪಂಡಿತರು ಕೊಟ್ಟ ಭಸ್ಮದ ಪೊಟ್ಟಣವೂ ಇರುತ್ತದೆ. ಮಂಡೂರ ಭಸ್ಮ, ಲೋಹ ಭಸ್ಮ ಎಂದರೆ ಕಬ್ಬಿಣ. ಶಂಖ ಭಸ್ಮ, ಪ್ರವಾಳ ಭಸ್ಮ, ಮುತ್ತಿನ ಚಿಪ್ಪಿನ ಭಸ್ಮ ಎಂದರೆ ಕ್ಯಾಲ್ಸಿಯಂ. ಬಂದ ದಾರಿ ಯಾವುದಾದರೂ ಕರುಳಿಗೆ ಅದು ಖನಿಜವೇ. ಆಯುರ್ವೇದದ ಪಂಡಿತರಿಗೆ ಅಲೋಪತಿಯ ಮಾತ್ರೆಗಳನ್ನೂ, ಆಸ್ಪತ್ರೆಯ ಡಾಕ್ಟರಿಗೆ ಭಸ್ಮವನ್ನೂ ಹೇಳುವುದಕ್ಕೆ ಜನ ಹಿಂಜರಿಯುತ್ತಾರೆ, ಬೈಸಿಕೊಳ್ಳಬೇಕಾದೀತು ಎಂಬ ಅಂಜಿಕೆಯಿಂದ. ಆ ಅಂಜಿಕೆಯನ್ನು ಹೋಗಲಾಡಿಸುವ ಹೊಣೆ ಕೇಳುವವರ ಮೇಲೂ ಇದೆ. "ಔಷಧಿ ಏನು ತಗೋತೀರಿ?" ಎನ್ನುವುದರ ಜೊತೆಗೆ "ಶಕ್ತಿಗೆ ಅಂತ ಏನಾದ್ರೂ? ಪುಡಿ, ಲೇಹ್ಯ, ಟಾನಿಕ್ಕು?" ಎಂದು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಖನಿಜ ಮತ್ತು ಔಷಧದ ಈ ಗಂಟು ಮೊದಲು ಚೆನ್ನಾಗಿ ಬೆಳಕಿಗೆ ಬಂದದ್ದು ಆ್ಯಂಟಿಬಯಾಟಿಕ್‌ಗಳಲ್ಲಿ. 1948ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ ಆರಿಯೋಮೈಸಿನ್ ಹೊರಬಂತು. ಮಿಸ್ಸೂರಿಯ ಒಂದು ಹೊಲದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಅದನ್ನು ಪಡೆದವರು, ವಿಶ್ವವಿದ್ಯಾಲಯದ ಕೆಲಸದಿಂದ ನಿವೃತ್ತರಾಗಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್. ಆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ಅವರು ತೀರಿಕೊಂಡರು. ಟೆಟ್ರಾಸೈಕ್ಲಿನ್ ಎಂಬ ದೊಡ್ಡ ಕುಟುಂಬದ ಮೊದಲ ಔಷಧ ಅದು. ಈ ಕುಟುಂಬಕ್ಕೆ ಲೋಹದ ಸೆಳೆತ ಬಲು ಜೋರು. ಬೆಳೆಯುವ ಮಕ್ಕಳಿಗೆ ಕೊಟ್ಟರೆ ಹಲ್ಲಿನ ಕ್ಯಾಲ್ಸಿಯಮ್ಮಿಗೇ ಹೋಗಿ ಅಂಟಿಕೊಂಡು ಶಾಶ್ವತವಾದ ಹಳದಿ, ಕಂದು ಕಲೆ ಮಾಡಿಬಿಡುತ್ತಿತ್ತು. ಒಂದು ಕಾಲದಲ್ಲಿ ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಕುಡಿದ ಎಷ್ಟೋ ಮಂದಿ ಬದುಕಿಡೀ ಆ ಕಲೆಯನ್ನು ಹೊತ್ತುಕೊಂಡೇ ನಕ್ಕರು. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಅದನ್ನು ಕೊಡಬಾರದೆಂಬ ನಿಯಮ ಬಂದದ್ದು ಹಾಗೆ.

1970ರಲ್ಲಿ ಫಿನ್ಲೆಂಡಿನ ಪೆರ್ಟಿ ನ್ಯೂವೊನೆನ್ ಮತ್ತು ಸಂಗಡಿಗರು ಇದನ್ನು ಅಳೆದೇ ತೋರಿಸಿದರು. ಕಬ್ಬಿಣದ ಮಾತ್ರೆ ಜೊತೆಗೆ ಬಿದ್ದರೆ ರಕ್ತದಲ್ಲಿ ಟೆಟ್ರಾಸೈಕ್ಲಿನ್ ಮಟ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಇನ್ನೂ ಕೆಳಕ್ಕೆ. ಡಾಕ್ಸಿಸೈಕ್ಲಿನ್ ಕನ್ನಡಿಗರಿಗೆ ದೂರದ ಔಷಧವಲ್ಲ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಗದ್ದೆ ತೋಟಗಳಲ್ಲಿ ದುಡಿಯುವವರಿಗೆ ಇಲಿ ಜ್ವರ ಬಂದರೆ ಮೊದಲು ಬರೆಯುವ ಮಾತ್ರೆಗಳಲ್ಲಿ ಅದೂ ಒಂದು. ಅದೇ ಮನೆಯ ಹೆಂಗಸಿಗೆ ರಕ್ತ ಕಡಿಮೆ ಇದೆಯೆಂದು ಕಬ್ಬಿಣದ ಮಾತ್ರೆಯೂ ನಡೆಯುತ್ತಿರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಡಾಕ್ಸಿಸೈಕ್ಲಿನ್ನನ್ನು ಸೂಜಿಯ ಮೂಲಕ ನೇರ ರಕ್ತಕ್ಕೆ ಕೊಟ್ಟರೂ, ಬಾಯಿಂದ ತೆಗೆದುಕೊಂಡ ಕಬ್ಬಿಣ ಅದನ್ನು ಬೇಗ ಖಾಲಿ ಮಾಡುತ್ತದೆ ಎಂದು ಅದೇ ನ್ಯೂವೊನೆನ್ ಮುಂದೆ ಕಂಡುಕೊಂಡರು. ರಕ್ತದಲ್ಲಿರುವ ಔಷಧದ ಒಂದು ಪಾಲು ಮತ್ತೆ ಕರುಳಿಗೆ ಇಳಿದು, ಅಲ್ಲಿಂದ ಮತ್ತೆ ರಕ್ತಕ್ಕೆ ಸೇರುವುದು ವಾಡಿಕೆ. ಕರುಳಿನಲ್ಲಿ ಕಾದಿರುವ ಕಬ್ಬಿಣ ಅದನ್ನು ಅಲ್ಲೇ ಹಿಡಿದುಬಿಡುತ್ತದೆ. ಹೀಗಾಗಿ ಇಲ್ಲಿ ಗಡಿಯಾರ ನೋಡಿಕೊಂಡು ಅಂತರ ಇಟ್ಟರೂ ಪೂರ್ತಿ ಸಾಲದು. ಜ್ವರದ ಆ ಒಂದು ವಾರ ಕಬ್ಬಿಣದ ಮಾತ್ರೆ ನಿಲ್ಲಿಸಬಹುದೇ ಎಂದು ಡಾಕ್ಟರನ್ನು ಕೇಳುವುದೇ ಸರಿಯಾದ ದಾರಿ.

ಸಿಪ್ರೋಫ್ಲಾಕ್ಸಾಸಿನ್ ಕಥೆಯೂ ಹೀಗೆಯೇ. ಮೂತ್ರದ ಸೋಂಕಿಗೆ, ಭೇದಿಗೆ ಕೊಡುವ ಈ ಮಾತ್ರೆ ಕೆಲವರಿಗೆ ಹೊಟ್ಟೆ ಉರಿಸುತ್ತದೆ. ಕೂಡಲೇ ಗುಲಾಬಿ ಬಣ್ಣದ ಆ್ಯಂಟಾಸಿಡ್ ಸಿರಪ್ಪು ಎರಡು ಚಮಚ ಕುಡಿಯುತ್ತಾರೆ. ಆ ಸಿರಪ್ಪಿನಲ್ಲಿರುವುದು ಅಲ್ಯುಮಿನಿಯಂ ಮತ್ತು ಮೆಗ್ನೀಷಿಯಂ. ಎರಡೂ ಸಿಪ್ರೋವನ್ನು ಕಟ್ಟಿಹಾಕುವುದರಲ್ಲಿ ಪಳಗಿದವು. ಐದು ದಿನದ ಕೋರ್ಸು ಮುಗಿಯುತ್ತದೆ, ಸೋಂಕು ಉಳಿಯುತ್ತದೆ, ಮುಂದಿನ ಸಲಕ್ಕೆ ಇನ್ನೂ ಬಲವಾದ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಖನಿಜ ತೆಗೆದುಕೊಳ್ಳಲೇಬೇಕಾದರೆ ಸಿಪ್ರೋ ಅದಕ್ಕಿಂತ ಎರಡು ಗಂಟೆ ಮೊದಲೇ ಹೊಟ್ಟೆ ಸೇರಬೇಕು, ಇಲ್ಲವೇ ಆರು ಗಂಟೆ ತಡವಾಗಿ.

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದದ್ದು ಬಸುರಿಯರ ವಿಷಯದಲ್ಲಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ತಂದುಕೊಡುವ ಕೆಂಪು ಮಾತ್ರೆ, ಅಂದರೆ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ, ಬಸಿರಿನ ನಾಲ್ಕನೇ ತಿಂಗಳಿಂದ ದಿನವೂ ಬೇಕೇ ಬೇಕು. ಜೊತೆಗೆ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ದಿನಕ್ಕೆ ಎರಡು ಸಲ 500 ಮಿಲಿಗ್ರಾಮಿನ ಕ್ಯಾಲ್ಸಿಯಂ. ಎರಡೂ ಒಳ್ಳೆಯವೇ, ಆದರೆ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ. ಮಾರ್ಗಸೂಚಿಯೇ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಊಟವಾಗಿ ಎರಡು ಗಂಟೆಯ ಮೇಲೆ. ಇದರ ಮೇಲೆ ಥೈರಾಯ್ಡ್ ಮಾತ್ರೆಯೂ ಸೇರಿಕೊಂಡರೆ ಮನೆಯವರಿಗೆ ತಲೆ ಬಿಸಿ. ಹೊಟ್ಟೆಯೊಳಗಿನ ಮಗು ಮೊದಲ ತಿಂಗಳುಗಳಲ್ಲಿ ತನ್ನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡನ್ನೇ ನೆಚ್ಚಿಕೊಂಡಿರುವುದರಿಂದ ಆ ಮಾತ್ರೆ ಒಂದಿಷ್ಟೂ ಪೋಲಾಗಬಾರದು.

ಒಂದು ದಿನವನ್ನು ಹೀಗೆ ಹೊಂದಿಸಬಹುದು. ಬೆಳಿಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ, ಏಳರ ಮೇಲೆ ಕಾಫಿ ತಿಂಡಿ. ಮಧ್ಯಾಹ್ನ ಒಂದಕ್ಕೆ ಊಟದ ಜೊತೆ ಮೊದಲ ಕ್ಯಾಲ್ಸಿಯಂ. ಸಂಜೆ ನಾಲ್ಕೂವರೆಗೆ ಕಬ್ಬಿಣದ ಮಾತ್ರೆ, ನಿಂಬೆಹಣ್ಣಿನ ಪಾನಕದ ಜೊತೆಗಾದರೆ ಇನ್ನೂ ಒಳ್ಳೆಯದು. ಹುಳಿ ಕಬ್ಬಿಣವನ್ನು ಕರುಳಿಗೆ ಸುಲಭ ಮಾಡುತ್ತದೆ. ಆ ಹೊತ್ತಿನ ಟೀ ಒಂದು ಗಂಟೆ ಆಚೆಗೆ ಹೋಗಬೇಕು, ಅದರ ಒಗರು ಕಬ್ಬಿಣಕ್ಕೆ ಅಡ್ಡ. ರಾತ್ರಿ ಎಂಟರ ಊಟಕ್ಕೆ ಎರಡನೇ ಕ್ಯಾಲ್ಸಿಯಂ. ಕಬ್ಬಿಣದಿಂದ ಮಲ ಕಪ್ಪಗಾಗುವುದು ಸಹಜ, ಗಾಬರಿಯಾಗಿ ಬಿಟ್ಟುಬಿಡಬಾರದು. ಸೊಸೆಯೊಬ್ಬಳೇ ಇದನ್ನೆಲ್ಲ ನೆನಪಿಟ್ಟುಕೊಳ್ಳಬೇಕೆಂದು ಬಿಡುವುದು ನ್ಯಾಯವಲ್ಲ. ಅತ್ತೆಯೋ ಗಂಡನೋ ನಾಲ್ಕೂವರೆಗೆ ಒಂದು ಮಾತು ನೆನಪಿಸಿದರೆ ಸಾಕು.

ಇಷ್ಟು ಹೊತ್ತು ಹೇಳಿದ್ದೆಲ್ಲ ಗಡಿಯಾರದಿಂದ ಬಹುಮಟ್ಟಿಗೆ ಪರಿಹಾರವಾಗುವ ತೊಂದರೆ. ಪೊಟ್ಯಾಷಿಯಂ ಹಾಗಲ್ಲ. ಅದರ ತಕರಾರು ಕರುಳಿನಲ್ಲಿಲ್ಲ, ರಕ್ತದಲ್ಲಿದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಹಂಚಿ ತೆಗೆದುಕೊಂಡರೂ ಕೂಡಿಬರುವ ಮೊತ್ತ ಒಂದೇ.

ಬಿ.ಪಿ.ಗೆ ಕೊಡುವ ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್ ಕುಟುಂಬದ ಮಾತ್ರೆಗಳು ಪೊಟ್ಯಾಷಿಯಂ ಮೂತ್ರದಲ್ಲಿ ಹೊರಹೋಗುವುದನ್ನು ತಗ್ಗಿಸುತ್ತವೆ. ಹೃದಯದ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಇನ್ನೂ ಬಿಗಿಯಾಗಿ ತಡೆಯುತ್ತದೆ. ಮೂತ್ರಪಿಂಡ ಗಟ್ಟಿಯಾಗಿರುವವರಿಗೆ ಇದರಿಂದ ತೊಂದರೆ ಕಡಿಮೆ. ಮೂತ್ರಪಿಂಡ ಸೋತಿರುವವರಿಗೆ, ಹಳೆಯ ಸಕ್ಕರೆ ಕಾಯಿಲೆಯವರಿಗೆ ಪೊಟ್ಯಾಷಿಯಂ ಏರುತ್ತ ಹೋಗಬಹುದು. ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕಾದದ್ದು 6, 7 ಆದರೆ ಹೃದಯದ ಬಡಿತದ ಲಯವೇ ತಪ್ಪುತ್ತದೆ, ಮುನ್ಸೂಚನೆ ಬಹಳ ಸಲ ಇರುವುದಿಲ್ಲ. ಕೆನಡಾದ ಒಂಟಾರಿಯೋದಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. 1999ರಲ್ಲಿ ಸ್ಪೈರೊನೊಲ್ಯಾಕ್ಟೋನ್ ಹೃದಯ ವೈಫಲ್ಯಕ್ಕೆ ಒಳ್ಳೆಯದೆಂದು ದೊಡ್ಡ ಅಧ್ಯಯನವೊಂದು ತೋರಿಸಿದ ಮೇಲೆ ಅಲ್ಲಿನ ವೈದ್ಯರು ಅದನ್ನು ಧಾರಾಳವಾಗಿ ಬರೆಯತೊಡಗಿದರು. ಆ ಬಗೆಯ ವೃದ್ಧ ರೋಗಿಗಳಲ್ಲಿ ಪೊಟ್ಯಾಷಿಯಂ ಏರಿ ಆಸ್ಪತ್ರೆ ಸೇರುವವರು 1994ರಲ್ಲಿ ಸಾವಿರಕ್ಕೆ 2.4 ಇದ್ದದ್ದು 2001ರಲ್ಲಿ 11ಕ್ಕೆ ಮುಟ್ಟಿತು. ಔಷಧ ಕೆಟ್ಟದ್ದಾಗಿರಲಿಲ್ಲ, ರಕ್ತ ಪರೀಕ್ಷೆಯ ಎಚ್ಚರ ಸಾಲದಾಗಿತ್ತು.

ಇಂಥವರ ಮನೆಗೆ ಪೊಟ್ಯಾಷಿಯಂ ಬರುವುದು ಮಾತ್ರೆಯ ರೂಪದಲ್ಲೇ ಆಗಬೇಕಿಲ್ಲ. "ಸೋಡಿಯಂ ಕಡಿಮೆ" ಎಂದು ಬರೆದ ಉಪ್ಪಿನ ಪ್ಯಾಕೆಟ್ಟು ಇದೆ. ಅದರಲ್ಲಿ ತೆಗೆದ ಸೋಡಿಯಮ್ಮಿನ ಜಾಗಕ್ಕೆ ಸಾಮಾನ್ಯವಾಗಿ ತುಂಬುವುದು ಪೊಟ್ಯಾಷಿಯಂ ಕ್ಲೋರೈಡು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕನೇ ಒಂದು ಪಾಲು ಪೊಟ್ಯಾಷಿಯಂ ಕ್ಲೋರೈಡ್ ಇರುವ ಉಪ್ಪು ಪಾರ್ಶ್ವವಾಯುವನ್ನು ತಗ್ಗಿಸಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಸ್ಪೈರೊನೊಲ್ಯಾಕ್ಟೋನಿನಂಥ ಪೊಟ್ಯಾಷಿಯಂ ತಡೆಹಿಡಿಯುವ ಮಾತ್ರೆ ತಿನ್ನುವವರನ್ನೂ ಮೂತ್ರಪಿಂಡದ ಗಂಭೀರ ಕಾಯಿಲೆಯವರನ್ನೂ ಆ ಅಧ್ಯಯನ ಮೊದಲೇ ಹೊರಗಿಟ್ಟಿತ್ತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪ್ಪನ್ನು ಶಿಫಾರಸು ಮಾಡಿದಾಗಲೂ ಬಸುರಿಯರು, ಮಕ್ಕಳು ಮತ್ತು ಮೂತ್ರಪಿಂಡದ ಕಾಯಿಲೆಯವರಿಗೆ ಇದು ಅನ್ವಯಿಸದು ಎಂದಿತು. ಸುದ್ದಿಯ ಮೊದಲರ್ಧವನ್ನು ಮಾತ್ರ ಓದಿ ಅಪ್ಪನಿಗೆ ಆ ಉಪ್ಪು ತಂದುಕೊಡುವ ಮಕ್ಕಳ ಪ್ರೀತಿಗೆ ಎರಡನೇ ಅರ್ಧವೂ ತಲುಪಬೇಕು. ಬೇಸಿಗೆಯಲ್ಲಿ ಮದ್ದೂರಿನಿಂದ ಲಾರಿಗಟ್ಟಲೆ ಬರುವ ಎಳನೀರೂ ಇದೇ ಸಾಲಿಗೆ ಸೇರುತ್ತದೆ. ಒಂದು ಎಳನೀರಿನಲ್ಲಿ 600 ಮಿಲಿಗ್ರಾಮಿನಷ್ಟು ಪೊಟ್ಯಾಷಿಯಂ ಇರಬಹುದು. ಆರೋಗ್ಯವಂತರಿಗೆ ಅದು ಅಮೃತವೇ ಸರಿ. ಮೂತ್ರಪಿಂಡ ಸೋತು ಕ್ರಿಯಾಟಿನಿನ್ ಏರಿರುವ, ಈ ಮಾತ್ರೆಗಳನ್ನು ತಿನ್ನುವ ಹಿರಿಯರು ದಿನಕ್ಕೆ ಎರಡು ಮೂರು ಕುಡಿಯುವ ಮುನ್ನ ಡಾಕ್ಟರನ್ನು ಕೇಳಲೇಬೇಕು.

ಕ್ಯಾಲ್ಸಿಯಂ ಕೂಡ ರಕ್ತದಲ್ಲಿ ಮಿತಿಮೀರುವುದುಂಟು. 1915ರಲ್ಲಿ ಷಿಕಾಗೋದ ಬರ್ಟ್ರಂ ಸಿಪ್ಪಿ ಹೊಟ್ಟೆಹುಣ್ಣಿಗೆ ಗಂಟೆಗೊಮ್ಮೆ ಹಾಲು, ಕೆನೆ ಮತ್ತು ಕ್ಷಾರದ ಪುಡಿ ಕೊಡುವ ಚಿಕಿತ್ಸೆ ತಂದರು. ಕೆಲವೇ ವರ್ಷಗಳಲ್ಲಿ ಆ ರೋಗಿಗಳಲ್ಲಿ ಕೆಲವರ ಮೂತ್ರಪಿಂಡ ಕೆಡುವುದು ಕಂಡುಬಂತು. ಹುಣ್ಣಿಗೆ ಬೇರೆ ಮಾತ್ರೆಗಳು ಬಂದ ಮೇಲೆ ಮರೆಯಾಗಿದ್ದ ಆ ತೊಂದರೆ ಈಗ ಮೂಳೆಸವೆತಕ್ಕೆಂದು ಕ್ಯಾಲ್ಸಿಯಂ ತಿನ್ನುವ ಹೆಂಗಸರಲ್ಲಿ ಮತ್ತೆ ಕಾಣಿಸುತ್ತಿದೆ. ಬಿ.ಪಿ.ಗೆ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ತಾಲಿಡೋನ್ ಇರುವ ಮಾತ್ರೆ ನಡೆಯುತ್ತಿದ್ದರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುವುದೂ ತಗ್ಗುತ್ತದೆ. ಅದರ ಮೇಲೆ ವಾರಕ್ಕೊಂದು 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ. ಡಾಕ್ಟರು ಎಂಟು ವಾರಕ್ಕೆಂದು ಬರೆದದ್ದನ್ನು, ಮೈನೋವು ಕಡಿಮೆಯಾಯಿತೆಂದು, ವರ್ಷಗಟ್ಟಲೆ ಮುಂದುವರಿಸುವವರು ಇದ್ದಾರೆ. ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ಮಂಕು ಕಾಣಿಸಿದರೆ ವಯಸ್ಸಾಯಿತೆಂದು ತಳ್ಳಿಹಾಕದೆ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕು. ಜಿಂಕ್ ವಿಷಯದಲ್ಲಿ ಒಂದೇ ಮಾತು: ದಿನಕ್ಕೆ 40 ಮಿಲಿಗ್ರಾಂ ದಾಟಿದ ಪ್ರಮಾಣವನ್ನು ತಿಂಗಳುಗಟ್ಟಲೆ ತಿಂದರೆ ದೇಹದ ತಾಮ್ರ ಇಳಿಯುತ್ತದೆ, ಅಂಗಡಿಯಲ್ಲಿ ಸಿಗುವ ಎಷ್ಟೋ ಮಾತ್ರೆಗಳು 50ರವು.

ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರಗಳನ್ನು ಒಮ್ಮೆ ಬೆಳಕಿಗೆ ಹಿಡಿದು ಓದುವುದು ಒಳ್ಳೆಯದು. "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ." ಎಂದು ಮೊದಲ ಸಾಲು, "500 ಮಿ.ಗ್ರಾಂ. ಕ್ಯಾಲ್ಸಿಯಮ್ಮಿಗೆ ಸಮ" ಎಂದು ಅದರ ಕೆಳಗೆ. ಡಾಕ್ಟರಿಗೆ ಹೇಳಬೇಕಾದದ್ದು ಈ ಎರಡನೆಯ ಅಂಕಿ. ಕೆಲವದರಲ್ಲಿ ಆ ಕ್ಯಾಲ್ಸಿಯಂ ಸಮುದ್ರದ ಸಿಂಪಿಯ ಚಿಪ್ಪಿನದೆಂದೂ ಬರೆದಿರುತ್ತದೆ; ಸಸ್ಯಾಹಾರಿಗಳಿಗೆ ಅದು ತಿಳಿದಿರಬೇಕಾದ ಸಂಗತಿ. ಗ್ಯಾಸ್ಟ್ರಿಕ್ಕಿಗೆಂದು ದಿನವೂ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಕಾರ್ಬೊನೇಟ್ ಚೆನ್ನಾಗಿ ಹತ್ತುವುದಿಲ್ಲ, ಅದು ಕರಗಲು ಹೊಟ್ಟೆಯ ಆಮ್ಲ ಬೇಕು. ಅವರಿಗೆ ಸಿಟ್ರೇಟ್ ವಾಸಿ. ಪ್ಯಾಂಟೊಪ್ರಜೋಲ್ ಬಗೆಯ ಮಾತ್ರೆ ವರ್ಷಗಟ್ಟಲೆ ನಡೆದರೆ ಮೆಗ್ನೀಷಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮದ ಪ್ರಕಾರ, ಆರೋಗ್ಯ ಪೂರಕವೆಂದು ಮಾರುವ ಡಬ್ಬಿಯ ಮೇಲೆ ಅದು ಔಷಧಿಯ ಬಳಕೆಗಲ್ಲ ಎಂದು ಬರೆದಿರಬೇಕು. ಔಷಧಿಯಲ್ಲ ಎಂದು ಬರೆದಿರುವ ಕಾರಣಕ್ಕೆ ಅದು ಔಷಧಿಯ ತಂಟೆಗೆ ಹೋಗುವುದಿಲ್ಲ ಎಂದು ತಿಳಿಯುವಂತಿಲ್ಲ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಟಿಯೊಂದನ್ನೇ ಒಯ್ಯದೆ, ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪು, ಬಾಟಲಿ, ಪೊಟ್ಟಣಗಳನ್ನು ಒಂದು ಕೈಚೀಲಕ್ಕೆ ತುಂಬಿ ಮೇಜಿನ ಮೇಲೆ ಇಡಬಹುದು. ಮೆಡಿಕಲ್ ಶಾಪಿನ ಫಾರ್ಮಸಿಸ್ಟರನ್ನೂ ಕೇಳಬಹುದು. ಇದು ಅವರು ಓದಿ ಬಂದ ವಿಷಯವೇ.

ಇದನ್ನೆಲ್ಲ ಓದಿ ನಾಳೆಯಿಂದಲೇ ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಮ್ಮಿಗೂ ನಾಲ್ಕು ಗಂಟೆ ಅಂತರ ಇಡಲು ಹೊರಡುವವರಿಗೆ ಒಂದು ಎಚ್ಚರಿಕೆ ಬಾಕಿಯಿದೆ. ಇಷ್ಟು ದಿನ ಎರಡನ್ನೂ ಒಟ್ಟಿಗೆ ನುಂಗುತ್ತಿದ್ದಾಗ, ಪೋಲಾಗುವ ಪಾಲನ್ನೂ ತುಂಬಿಕೊಡುವಂತೆ ಡಾಕ್ಟರು ಪ್ರಮಾಣವನ್ನು ಏರಿಸಿರಬಹುದು. ಈಗ ಅಂತರ ಇಟ್ಟರೆ ಆ ಪೂರ್ತಿ ಪ್ರಮಾಣ ರಕ್ತಕ್ಕೆ ಸೇರಿ ಎದೆ ಡವಡವ, ಕೈನಡುಕ, ನಿದ್ದೆಗೇಡು ಶುರುವಾಗಬಹುದು. ವಯಸ್ಸಾದವರಲ್ಲಿ ಹೃದಯದ ಲಯವೂ ತಪ್ಪಬಹುದು. ಆದ್ದರಿಂದ ಹೊತ್ತು ಬದಲಿಸುವ ಮುನ್ನ ಡಾಕ್ಟರಿಗೆ ತಿಳಿಸಿ, ಬದಲಿಸಿದ ಆರರಿಂದ ಎಂಟು ವಾರದೊಳಗೆ ಟಿ.ಎಸ್.ಎಚ್. ಪರೀಕ್ಷೆ ಮಾಡಿಸಬೇಕು. 100ರ ಮಾತ್ರೆ ಮತ್ತೆ 75ಕ್ಕೆ ಇಳಿಯುವುದೂ ಉಂಟು.